ಕಪಡೋಕಿಯಾದ ಆ ಹಿರಿಯರಿಗೆ ಒಂದು ಥ್ಯಾಂಕ್ಸ್

ಟರ್ಕಿಯ ಕಪಡೋಕಿಯಾದಲ್ಲಿ ಕೆಂಪು ಕಣಿವೆ ಇಳಿಯುವಾಗ ನಮ್ಮಮ್ಮನ ಮಂಡಿ ಹಿಡಿದುಕೊಂಡಿತು. ಗೈಡ್ ಜೊತೆಗಿದ್ದ ಗುಂಪು ಮುಂದೆ ಹೋಗಲೇಬೇಕಿತ್ತು. ಆಗ ದಾರಿ ಬದಿಯಲ್ಲಿ ದಾಳಿಂಬೆ ಜ್ಯೂಸ್ ಮಾರುತ್ತಿದ್ದ ಹಿರಿಯರೊಬ್ಬರು ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ ಎದ್ದು ಬಂದರು. ಈ ಬರಹ ಅವರಿಗೆ.

ಅಮ್ಮನ ಕೈಗೆ ತಮ್ಮ ಕೋಲು ಕೊಟ್ಟರು. ಕಡಿದಾದ ಇಳಿಜಾರು ಬಿಟ್ಟು ಸುತ್ತುದಾರಿ ಹಿಡಿದರು. ಹಾಗಾಗಿ ಗುಂಪಿನವರಿಗಿಂತ ನಾವೇ ಜಾಸ್ತಿ ನೋಡಿದೆವು! ಬಂಡೆಯ ಎತ್ತರದಲ್ಲಿದ್ದ ಸಣ್ಣ ಸಣ್ಣ ಕಿಂಡಿಗಳನ್ನು ತೋರಿಸಿ, ಎರಡೂ ಕೈ ರೆಕ್ಕೆಯಂತೆ ಆಡಿಸಿದರು. ಪಾರಿವಾಳದ ಗೂಡುಗಳು. ಅವುಗಳ ಹಿಕ್ಕೆಯೇ ಇಲ್ಲಿನ ದ್ರಾಕ್ಷಿ ತೋಟಗಳಿಗೆ ಗೊಬ್ಬರವಾಗಿತ್ತಂತೆ. ಎರ್ಜಿಯೆಸ್, ಹಸನ್‌ನಂಥ ಜ್ವಾಲಾಮುಖಿಗಳಿರುವ ಸೀಮೆ ಇದು. ಲಕ್ಷಾಂತರ ವರ್ಷಗಳ ಹಿಂದೆ ಬಿದ್ದ ಬೂದಿಯೇ ಗಟ್ಟಿಯಾಗಿ ಕಲ್ಲಾಗಿದೆ. ಮೆತ್ತಗಿನ ಕಲ್ಲು. ಅದಕ್ಕೇ ಇಲ್ಲಿಯವರು ಚರ್ಚುಗಳನ್ನು ಕಟ್ಟಲಿಲ್ಲ, ಕೊರೆದರು.

ಅಂಥದ್ದೊಂದು ಚರ್ಚಿನೊಳಗೆ ಅಮ್ಮನನ್ನು ಕೂರಿಸಿ, ಕಂಬ ತಟ್ಟಿ ನಕ್ಕರು. ಇಡೀ ಬಂಡೆಯನ್ನೇ ಕೊರೆದ ಮೇಲೆ ಕಂಬಕ್ಕೇನು ಕೆಲಸ, ಸುಮ್ನೆ ಚೆಂದಕ್ಕೆ ಅಲ್ವಾ? ಬೆಳಿಗ್ಗೆ ಗೊರೆಮೆಯ ‘ಕತ್ತಲೆ ಚರ್ಚು’ ನೋಡಿದ್ದೆವು. ಬೆಳಕು ಅಷ್ಟಾಗಿ ಬೀಳದ ಕಾರಣ ಅಲ್ಲಿನ ಚಿತ್ರಗಳ ಬಣ್ಣ ಇನ್ನೂ ಗಾಢವಾಗಿದೆ. ಆದರೂ ನನಗೆ ಹಿಡಿಸಿದ್ದು ಈ ಬೋಳು ಗೋಡೆಯ ಚರ್ಚೇ.

ದುಡ್ಡು ಕೊಡಲು ಹೋದರೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಹೆಸರು ಕೇಳುವಷ್ಟರಲ್ಲಿ ನಮ್ಮ ವ್ಯಾನ್ ಬಂತು. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಅವರ ಹತ್ತಿರ ಒಂದು ಲೋಟ ಜ್ಯೂಸ್ ಕುಡಿಯಿರಿ. ಅಮ್ಮ ಈಗ ಆರಾಮಾಗಿ ನಡೆಯುತ್ತಿದ್ದಾರೆ ಅಂತ ಹೇಳಿಬಿಡಿ.