ಕೇಬಲ್ ಬಾಕ್ಸ್ ಒಯ್ದಿರಿ, ಕನ್ನಡ ಚಾನೆಲ್ ಎಲ್ಲಿ?

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಮುಂಬೈ

ವಿಷಯ: ಕೇಬಲ್ ಬದಲು ಕೊಟ್ಟ ಫೈಬರ್ ಪ್ಯಾಕ್‌ನಲ್ಲಿ ಹೇಳಿದ ಕನ್ನಡ ಚಾನೆಲ್‌ಗಳು ಇಲ್ಲದಿರುವುದು ಮತ್ತು ಉಳಿದ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕನ್ನಡದಲ್ಲೂ ಸೇವೆ ಉಂಟು ಎಂದು ನಿಮ್ಮ ಕರಪತ್ರದಲ್ಲೇ ಇದೆ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನ್ ಮಾಡಿದಾಗ ಕನ್ನಡಕ್ಕೆ ಏಳು ಒತ್ತಿ ಎಂದಿತು. ಒತ್ತಿದೆ, ಹಿಂದಿಯವರೇ ಸಿಕ್ಕರು. ಇರಲಿ, ಅದು ಇವತ್ತಿನ ದೂರಲ್ಲ.

ನಾವಿರುವುದು ಮುಲುಂಡ್‌ನಲ್ಲಿ. ಮನೆಯಲ್ಲಿ ಟಿವಿ ನೋಡುವುದು ನಮ್ಮತ್ತೆ ಒಬ್ಬರೇ. ವಯಸ್ಸು 76, ಊರು ಕುಮಟಾ. ಜೂನ್ ಮೊದಲ ವಾರ ನಿಮ್ಮ ಹುಡುಗ ಬಂದು, ಕೇಬಲ್‌ನಲ್ಲಿ ಬರುವುದೆಲ್ಲ ಈ ಫೈಬರ್ ಇಂಟರ್ನೆಟ್ ಪ್ಯಾಕ್‌ನಲ್ಲೂ ಬರುತ್ತದೆ, ಕನ್ನಡವೂ ಬರುತ್ತದೆ ಎಂದ. ಎರಡು ಸಲ ಕೇಳಿದೆ, ಎರಡು ಸಲವೂ ಹೌದು ಎಂದ. ಆರು ತಿಂಗಳಿನ 5,400 ರೂಪಾಯಿ ಒಟ್ಟಿಗೇ ಕಟ್ಟಿದೆವು. ನಿಮ್ಮದೇ ಹಳೆ ಸೆಟ್‌ಟಾಪ್ ಬಾಕ್ಸನ್ನು ಅವನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದ.

ಆ ಬಾಕ್ಸ್ ನಮಗೆ ಯಾಕೆ ಮುಖ್ಯ ಅಂದರೆ, 2019ರಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂದಾಗ ಅತ್ತೆಯೇ ಕೂತು ಚಾನೆಲ್ ಆರಿಸಿದ್ದರು. ಆಗ ಮೊದಲ 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ ಇತ್ತು. ಅದರ ಮೇಲೆ ತಮಗೆ ಬೇಕಾದ ಕನ್ನಡ ಚಾನೆಲ್‌ಗಳನ್ನು ಒಂದೊಂದಾಗಿ ಹೇಳಿ ಹಾಕಿಸಿಕೊಂಡಿದ್ದರು. ಬೇಡದ್ದಕ್ಕೆ ದುಡ್ಡಿಲ್ಲ. ಆ ಪಟ್ಟಿ ಇನ್ನೂ ದೇವರ ಕೋಣೆಯ ಕ್ಯಾಲೆಂಡರ್ ಹಿಂದೆ ಇದೆ.

ಈಗ ಉದಯ ಚಾನೆಲ್ ಬೇಕಾದರೆ ಸನ್ ನೆಕ್ಸ್ಟ್ ಆಪ್, ಝೀ ಕನ್ನಡದ ಧಾರಾವಾಹಿಗೆ ಝೀ ಫೈವ್, ಕಲರ್ಸ್ ಕನ್ನಡದ್ದಕ್ಕೂ ಸುವರ್ಣದ್ದಕ್ಕೂ ಜಿಯೊಹಾಟ್‌ಸ್ಟಾರ್. ನಿಮ್ಮ ಪ್ಯಾಕ್‌ನಲ್ಲಿ ಇವುಗಳಲ್ಲಿ ಒಂದು ಮಾತ್ರ ಇದೆ. ಆಪ್‌ಗಳ ಮೇಲೆ ನನ್ನ ಸಿಟ್ಟಿಲ್ಲ, ಅವರ ಅಂಗಡಿ ಅವರದು. ಆದರೆ ಎಲ್ಲ ಬರುತ್ತದೆ ಎಂದು ಬಾಕ್ಸ್ ಒಯ್ದವರು ನೀವು. ಇನ್ನೊಂದು ಆಪ್‌ಗೆ ನಾವೇ ಬೇರೆ ದುಡ್ಡು ಕೊಟ್ಟೆವು.

ಅದೂ ಇರಲಿ ಎಂದುಕೊಂಡೆ. ಆದರೆ ನಿಮ್ಮ ಟಿವಿ ಆಪ್ ವಾರಕ್ಕೊಮ್ಮೆಯಾದರೂ ತಾನಾಗಿಯೇ ಲಾಗೌಟ್ ಆಗುತ್ತದೆ. ಸಂಪರ್ಕ ನನ್ನ ಹೆಸರಲ್ಲಿದೆ, ಒಟಿಪಿ ನನ್ನ ಫೋನಿಗೆ ಬರುತ್ತದೆ. ಸಂಜೆ ಏಳಕ್ಕೆ ನಾನು ದಾದರ್ ದಾಟಿರುತ್ತೇನೆ, ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲ ಮೇಲೆ ನಿಂತಿರುತ್ತೇನೆ. ಅತ್ತೆ ಫೋನ್ ಮಾಡಿ, "ನಂಬರ್ ಹೇಳೇ, ಶುರು ಆಗಿಹೋಯ್ತು" ಅನ್ನುತ್ತಾರೆ. ಚೀಲದೊಳಗಿಂದ ಫೋನ್ ತೆಗೆದು ಆರು ಅಂಕಿ ಕೂಗಿ ಹೇಳಬೇಕು. ಗದ್ದಲದಲ್ಲಿ ಆರು ಅವರಿಗೆ ಮೂರು ಅಂತ ಕೇಳಿಸುತ್ತದೆ. ಇನ್ನೊಂದು ಒಟಿಪಿ ತರಿಸುವಷ್ಟರಲ್ಲಿ ಕುರ್ಲಾ ಬಂದಿರುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಅದೇ ಮೆಸೇಜ್‌ನಲ್ಲಿ ಬರೆದಿರುತ್ತದೆ. ನಾನು ಪ್ರತಿ ಸಲ ಇಡೀ ಡಬ್ಬಿಗೆ ಹೇಳುತ್ತಿದ್ದೇನೆ!

ನಮ್ಮತ್ತೆ ಮತ್ತು ಕುಮಟಾದಲ್ಲಿರುವ ಅವರ ತಂಗಿ ಫೋನ್ ಹಿಡಿದುಕೊಂಡೇ ಒಂದೇ ಧಾರಾವಾಹಿ ನೋಡುವುದು ಎಷ್ಟೋ ವರ್ಷದ ರೂಢಿ. ಈಗ ತಂಗಿ ಅಲ್ಲಿ ನಕ್ಕಾಗ ಇಲ್ಲಿ ಆ ಮಾತೇ ಬಂದಿರುವುದಿಲ್ಲ. ಕೇಬಲ್‌ನಲ್ಲೂ ಡಿಶ್‌ನಲ್ಲೂ ಒಂದೇ ಸಿಗ್ನಲ್ ಎಲ್ಲರ ಮನೆಗೂ ಒಟ್ಟಿಗೆ ಇಳಿಯುತ್ತದೆ, ಇಂಟರ್ನೆಟ್‌ನಲ್ಲಿ ತುಂಡು ತುಂಡಾಗಿ ಬಂದು ಒಂದಿಷ್ಟು ಕೂಡಿದ ಮೇಲೆ ಟಿವಿ ತೋರಿಸುತ್ತದೆ ಎಂದು ಮಗ ವಿವರಿಸಿದ. ಸರಿ, ಇದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಆದರೆ ಕೇಬಲ್‌ನಂತೆಯೇ ಎಂದು ಹೇಳಬಾರದಿತ್ತು ಅಲ್ವಾ?

ಇನ್ನು, ಒಂದು ತಿಂಗಳು ಉಚಿತ ಎಂದು ನೀವೇ ಸೇರಿಸಿದ ಸಿನಿಮಾ ಪ್ಯಾಕ್. ಜುಲೈಯಿಂದ ತಿಂಗಳಿಗೆ 149 ರೂಪಾಯಿ ಖಾತೆಯಿಂದ ಹೋಗುತ್ತಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 24 ಗಂಟೆ ಮೊದಲು ಮೆಸೇಜ್ ಬಂದಿತ್ತು, ಸುಳ್ಳು ಹೇಳಬಾರದು. ಆದರೆ ಅದನ್ನು ನಿಲ್ಲಿಸುವ ಬಟನ್ ನಿಮ್ಮ ಆಪ್‌ನಲ್ಲಿ ನನಗೂ ಸಿಗಲಿಲ್ಲ, ಇಂಜಿನಿಯರಿಂಗ್ ಓದುತ್ತಿರುವ ಮಗನಿಗೂ ಸಿಗಲಿಲ್ಲ. ಸೇರುವುದು ಸುಲಭ, ಬಿಡುವುದು ಕಷ್ಟ ಎನ್ನುವ ಇಂಥ ಚಂದಾ ಬಲೆಯನ್ನು ಕೇಂದ್ರ ಸರ್ಕಾರದ 2023ರ ಡಾರ್ಕ್ ಪ್ಯಾಟರ್ನ್ (ಆಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿ ಹೆಸರಿಟ್ಟೇ ನಿಷೇಧಿಸಿದೆ.

ನಮಗೆ ಬೇಕಾದದ್ದು ಇಷ್ಟೇ. ಸಿನಿಮಾ ಪ್ಯಾಕ್ ನಿಲ್ಲಿಸಿ, ಕಡಿತ ಮಾಡಿದ ಹಣ ವಾಪಸ್ ಹಾಕಿ. ನಮ್ಮ ಬಾಕ್ಸ್ ತಂದು ಹಳೆ ಪಟ್ಟಿಯ ಚಾನೆಲ್‌ಗಳನ್ನೇ ಹಾಕಿಕೊಡಿ, ಫೈಬರ್‌ಗೆ ಕಟ್ಟಿದ್ದರಲ್ಲಿ ಉಳಿದ ತಿಂಗಳಿನ ಹಣವನ್ನು ಕೇಬಲ್ ಬಿಲ್‌ಗೆ ಜಮಾ ಮಾಡಿ. 15 ದಿನದಲ್ಲಿ ಬರಹದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ರಸೀದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇದರ ಜೊತೆಗಿವೆ.

ಬಾಕ್ಸ್ ಹಾಕಲು ಬರುವವರು ಸಂಜೆ ಏಳರೊಳಗೆ ಬರಲಿ. ಬರುವ ಮುಂಚೆ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಲಿ, ಅತ್ತೆ ಎತ್ತುತ್ತಾರೆ. ನನಗೆ ಮಾಡಿದರೆ ನಾನು ಲೋಕಲ್‌ನಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ಮುಲುಂಡ್, ಮುಂಬೈ