ಎಂಟನೇ ತರಗತಿ ಪೋಷಕರ ಗಮನಕ್ಕೆ: ಮಕ್ಕಳ ಪರಿಚಯ ಪುಟ

ಎಲ್ಲ ಪೋಷಕರಿಗೂ ನಮಸ್ಕಾರ. ಮಕ್ಕಳು ತಮಗಿಷ್ಟವಾದ ವಿಷಯ, ಹವ್ಯಾಸ, ಆಸಕ್ತಿಗಳ ಬಗ್ಗೆ ಒಂದು ಪುಟ ಬರೆದು ಸೋಮವಾರ ತರಬೇಕು. ದಯವಿಟ್ಟು ನೀವು ಬರೆದುಕೊಡಬೇಡಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಮಾತು ಮಗುವಿನದೇ ಆಗಿರಲಿ.

"ನನಗೆ ವಿಜ್ಞಾನ ಇಷ್ಟ" ಅಂತಷ್ಟೇ ಬರೆದರೆ ಸಾಲದು. ವಿಜ್ಞಾನದಲ್ಲಿ ಏನು ಇಷ್ಟ? ಹಕ್ಕಿ ನೋಡುವ ಹುಚ್ಚಿದ್ದರೆ ರಂಗನತಿಟ್ಟಿನಲ್ಲಿ ಕಂಡದ್ದನ್ನು ಬರೆಯಲಿ: ಹೆಜ್ಜಾರ್ಲೆ ಎಲ್ಲಿ ಗೂಡು ಕಟ್ಟಿತ್ತು, ಮರಿಗೆ ಹೇಗೆ ಉಣಿಸುತ್ತಿತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅವರಿಗೆ ಹಕ್ಕಿಗಳ ಗೀಳು ಹತ್ತಿದ್ದು ಬಾಲ್ಯದಲ್ಲಿ, ಹಳದಿ ಕೊರಳಿನ ಒಂದು ಗುಬ್ಬಚ್ಚಿ ಯಾವ ಜಾತಿಯದೆಂದು ತಿಳಿಯಲು ಹೊರಟಾಗ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಇತಿಹಾಸ ಇಷ್ಟವಿರುವವರಿಗೆ ನಮ್ಮ ಮಂಡ್ಯದ ಮಗ್ಗುಲಲ್ಲೇ ಶ್ರೀರಂಗಪಟ್ಟಣ ಇದೆ.

ಕಬಡ್ಡಿ, ರಂಗೋಲಿ, ಅಜ್ಜಿ ಜೊತೆ ಸೋಬಾನೆ ಪದ ಹೇಳೋದು, ಆಲೆಮನೆಯಲ್ಲಿ ಬೆಲ್ಲ ಕಾಯಿಸೋದನ್ನು ನೋಡ್ತಾ ನಿಲ್ಲೋದು, ಎಲ್ಲವೂ ಬರಲಿ. "ಓದೋದು ಬಿಟ್ಟು ಇದೇನು ಬರೆದೆ" ಅಂತ ಅಳಿಸಬೇಡಿ. ನನಗೆ ಬೇಕಿರುವುದೇ ಅದು.

ಇದಕ್ಕೆ ಅಂಕಗಳಿಲ್ಲ. ಮುಂದಿನ ತಿಂಗಳ ಗುಂಪು ಚಟುವಟಿಕೆಗೆ ಮಕ್ಕಳನ್ನು ಈ ಪುಟಗಳನ್ನು ಓದಿಯೇ ಹಂಚುತ್ತೇನೆ. ಸೋಮವಾರ ಆಗದವರು ಬುಧವಾರ ಕೊಡಬಹುದು.

– ತರಗತಿ ಶಿಕ್ಷಕಿ