ಮಗಳ ಮೊದಲ ಟರ್ಕಿ ಶಿಕಾರಿ

ಪ್ರಿಯ ಗೆಳೆಯ,

ಹತ್ತು ವರ್ಷದ ಹುಡುಗಿಯ ಕೈಗೆ ಕೋವಿ ಕೊಟ್ಟು ಕಾಡಿಗೆ ಕರೆದೊಯ್ಯುವುದು ಯಾವ ಸಂಸ್ಕಾರವೆಂದು ನೀನು ಕೇಳಿದ್ದೀಯ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಮಲೆನಾಡಿನಲ್ಲಿ ಶಿಕಾರಿಯೆಂದರೆ ಕಳ್ಳಕೆಲಸವೇ ಆಗಿರುವುದರಿಂದ ನಿನ್ನ ಸಿಟ್ಟು ನನಗೆ ಹೊಸದಲ್ಲ. ಆದರೆ ನಾನಿರುವ ಅಮೆರಿಕದ ಮಿಸೌರಿ ರಾಜ್ಯದಲ್ಲಿ, ನಾವು ಬೇಟೆಯಾಡಿದ ಟರ್ಕಿ ಕೋಳಿ ಎಂಬ ಈ ಕಾಡುಹಕ್ಕಿಯ ಕಥೆಯೇ ಬೇರೆ.

1950ರ ದಶಕದ ಆರಂಭದಲ್ಲಿ ಇಲ್ಲಿ ಕೆಲವೇ ಸಾವಿರ ಕಾಡು ಟರ್ಕಿಗಳು ಉಳಿದಿದ್ದವು. ಅವುಗಳಲ್ಲಿ ಒಂದಷ್ಟನ್ನು ಬಲೆಯಿಂದ ಹಿಡಿದು ಬೇರೆ ಬೇರೆ ಕಾಡುಗಳಲ್ಲಿ ಬಿಟ್ಟು ಬೆಳೆಸಿದ ಮೇಲೆಯೇ, 1960ರಲ್ಲಿ, ವಸಂತದ ಬೇಟೆಗೆ ಮತ್ತೆ ಅನುಮತಿ ಸಿಕ್ಕಿತು. ಇಂಥ ಕೆಲಸಕ್ಕೆ ಬೇಟೆಗಾರರ ಪರವಾನಗಿ ಶುಲ್ಕವೂ, ಉದ್ದ ಕೋವಿ ಮತ್ತು ತೋಟಾಗಳ ಮೇಲೆ ಶೇ. 11ರಷ್ಟು ತೆರಿಗೆಯನ್ನು ವನ್ಯಜೀವಿಗಳಿಗಾಗಿ ಮೀಸಲಿಟ್ಟ 1937ರ ಕೇಂದ್ರ ಕಾನೂನೂ ನೆರವಾಗುತ್ತ ಬಂದಿವೆ. ಒಂದೇ ಗಂಡು ಹಲವು ಹೆಣ್ಣುಗಳೊಡನೆ ಕೂಡುವ ಜಾತಿಯಾದ್ದರಿಂದ, ವಸಂತದಲ್ಲಿ ಕೆಲವು ಗಂಡುಗಳನ್ನು ಹೊಡೆದರೆ ಸಂತತಿಗೆ ದೊಡ್ಡ ಪೆಟ್ಟಾಗದು ಎಂಬುದು ಇಲ್ಲಿಯವರ ಲೆಕ್ಕ. 6ರಿಂದ 15 ವರ್ಷದ ಮಕ್ಕಳಿಗಾಗಿ, ದೊಡ್ಡವರ ಋತು ತೆರೆಯುವ ಮೊದಲೇ, ಒಂದು ವಾರಾಂತ್ಯವನ್ನು ಬಿಟ್ಟುಕೊಡುತ್ತಾರೆ.

ನಮ್ಮ ಮನೆಯಲ್ಲಿ ತಯಾರಿ ಚಳಿಗಾಲದಲ್ಲೇ ಶುರುವಾಯಿತು. ಕೋವಿ ಖಾಲಿಯಿದ್ದರೂ ತುಂಬಿದೆಯೆಂದೇ ತಿಳಿಯಬೇಕು, ಗುರಿ ಖಚಿತವಾಗುವವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು ಎಂಬುದನ್ನು ಅವಳು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಬಟ್ಟೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ ಬಣ್ಣದ್ದು; ಎಲೆಬಣ್ಣದ ಉಡುಪಿನಲ್ಲಿ ಅಡಗಿ ಹೆಣ್ಣಿನ ಕೂಗು ಹಾಕುತ್ತಿರುವವನ ಕುತ್ತಿಗೆಯಲ್ಲಿ ಕೆಂಪು ಕರವಸ್ತ್ರ ಇಣುಕಿದರೂ ಇನ್ನೊಬ್ಬ ಬೇಟೆಗಾರ ಅದನ್ನೇ ಹಕ್ಕಿಯೆಂದು ಭ್ರಮಿಸಬಹುದು. ಹಾಗಾಗಿ ಆ ಮೂರು ಬಣ್ಣದ ಒಂದು ಎಳೆಯೂ ಮೈಮೇಲೆ ಇರಬಾರದು, ಬೆನ್ನಿಗೆ ಭುಜಕ್ಕಿಂತ ಅಗಲವಾದ ಮರವಿರಬೇಕು. ನಾವು ಬಟ್ಟೆಯ ಮರೆಗೂಡಿನಲ್ಲಿ ಕುಳಿತೆವು, ಏಕೆಂದರೆ ಟರ್ಕಿಗೆ ಮೂಗು ಮಂದವಾದರೂ ಕಣ್ಣು ಬಹಳ ಚುರುಕು, ಮಕ್ಕಳ ಕೈಕಾಲುಗಳು ಸುಮ್ಮನಿರುವವಲ್ಲ.

ಬೆಳಕು ಹರಿಯುವ ಮುನ್ನ ನಾನು ಗೂಬೆಯಂತೆ ಕೂಗಿದೆ. ಗಂಡು ಟರ್ಕಿ ಅದಕ್ಕೆ ತಡೆಯಲಾರದೆ ಉತ್ತರಿಸಿ, ತಾನು ಮಲಗಿರುವ ಮರವನ್ನು ತಾನೇ ತೋರಿಸಿಕೊಡುತ್ತದೆ. ಮಗಳು ಮರದ ಪೆಟ್ಟಿಗೆಯ ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿ ಹೆಣ್ಣಿನ ದನಿ ತೆಗೆದಳು. ಹೆಚ್ಚು ಕೂಗಿದರೆ ಗಂಡು ನಿಂತಲ್ಲೇ ನಿಂತು ಹೆಣ್ಣೇ ಬರಲೆಂದು ಕಾಯುತ್ತದೆ ಎಂದು ಹೇಳಿದ್ದರಿಂದ, ಆಮೇಲೆ ಎಷ್ಟೋ ಹೊತ್ತು ಪೆಟ್ಟಿಗೆಯನ್ನು ಮುಟ್ಟದೆ ಕುಳಿತಳು. ಮನೆಯಲ್ಲಿ ಊಟ ಮುಗಿಯುವವರೆಗೆ ಕೂರದ ಹುಡುಗಿ ಇವಳೇನಾ ಎನ್ನಿಸಿತು.

ಕೊನೆಗೆ ಬಂದದ್ದು ಮರಗಳಲ್ಲಿ ಗುಡುಗಿದ ಆ ಹಿರಿಯನಲ್ಲ, ಸದ್ದಿಲ್ಲದೆ ನಡೆದುಬಂದ ಒಂದು ವರ್ಷದ ಎಳೆಯ ಗಂಡು. ಬಾಲ ಬಿಚ್ಚಿದಾಗ ನಡುವಿನ ಗರಿಗಳು ಉಳಿದವುಗಳಿಗಿಂತ ಉದ್ದವಿದ್ದವು. ಅದು ಎಳೆಯದೆಂಬ ಆ ಗುರುತು ಹೇಳಿದವಳು ಮಗಳೇ. ಹೊಡೆಯುವುದೂ ಬಿಡುವುದೂ ನಿನ್ನಿಷ್ಟ ಎಂದೆ. ಇಪ್ಪತ್ತು ಗಜದೊಳಕ್ಕೆ ಬರಲು ಬಿಟ್ಟು ಒಂದೇ ಈಡಿಗೆ ಕೆಡವಿದಳು.

ಮುಂದಿನದನ್ನು ಮರೆಮಾಚಿದರೆ ನಿನ್ನ ಪ್ರಶ್ನೆಗೆ ಉತ್ತರಿಸಿದಂತಾಗದು. ಹಕ್ಕಿ ರೆಕ್ಕೆ ಬಡಿಯುತ್ತಿದ್ದಷ್ಟು ಹೊತ್ತೂ ಅವಳು ಅತ್ತಳು. ನಾನು ಸಮಾಧಾನದ ಮಾತು ಆಡಲಿಲ್ಲ, ಶಹಭಾಸ್ ಎಂದೂ ಅನ್ನಲಿಲ್ಲ; ಅದು ಅಳಬೇಕಾದ ವಿಷಯವೇ ಎಂದು ನಾನು ನಂಬಿದ್ದೇನೆ. ಅಳು ನಿಂತ ಮೇಲೆ ಇಲಾಖೆಗೆ ವರದಿ ಮಾಡಿ, ಗರಿ ಕಿತ್ತು, ಹೊಟ್ಟೆ ಸೀಳಿ, ಅನ್ನಚೀಲದಲ್ಲಿ ಸಿಕ್ಕ ಎಳೆಹುಲ್ಲು ಕೀಟಗಳನ್ನು ಇಬ್ಬರೂ ಕೂಡಿ ನೋಡಿದೆವು. ಪ್ಯಾಕೆಟ್ಟಿನ ಕೋಳಿ ತಿಂದು ಬೆಳೆಯುವ ಮಗುವಿಗೆ ಇದನ್ನು ಕಲಿಸುವ ಬೇರೆ ದಾರಿ ನನಗಂತೂ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಬರೆ, ಜಗಳವಾಡೋಣ.

ಎದೆಯ ಮಾಂಸವನ್ನು ಹುರಿದು ತಿಂದಾಯಿತು. ಕಾಲುಗಳು ಮಾತ್ರ ಗಂಟೆಗಟ್ಟಲೆ ಬೇಯಬೇಕು, ಅವಕ್ಕೆ ಸಾರೇ ಸರಿ. ನಿನ್ನ ಅಮ್ಮನ ಕೋಳಿಸಾರಿನ ಪುಡಿಗೆ ಮೆಣಸು ಎಷ್ಟು, ಕೊತ್ತಂಬರಿ ಎಷ್ಟು ಎಂಬುದನ್ನು ಕೇಳಿ ಬೇಗ ತಿಳಿಸು.

ಇಂತಿ,
ನಿನ್ನ ಗೆಳೆಯ